ಮುಖ ನೋಡದೆ ಉತ್ತರ ಹೇಳುವ ಪಾಠ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಮಗಳನ್ನು ಕರೆದುಕೊಂಡು ರಾಣೆಬೆನ್ನೂರಿನ ನನ್ನ ಕ್ಲಿನಿಕ್ಕಿಗೆ ಬಂದಾಗ ನಾನು ಒಂದು ಕೂಸಿನ ಮೂಗಿನಲ್ಲಿ ಸಿಕ್ಕಿಕೊಂಡಿದ್ದ ಕಡಲೆಕಾಳನ್ನು ತೆಗೆಯಲು ಹೆಣಗುತ್ತಿದ್ದೆ. ವ್ಯಾಪಾರಿ ನೇರವಾಗಿ ಮಾರ್ಕೆಟ್ಟಿನಿಂದ ಬಂದಿದ್ದರು. ಅವರ ಅಂಗಿಯ ಘಾಟಿಗೆ ಕೂಸು ಜೋರಾಗಿ ಸೀನಿತು, ಕಾಳು ಹಾರಿ ಬಂದು ನನ್ನ ಮೇಜಿನ ಮೇಲೆ ಬಿತ್ತು. ಕೂಸಿನ ತಾಯಿ ನನಗೆ ಕೈ ಮುಗಿದಳು. ಆ ಕೀರ್ತಿಯನ್ನು ನಾನೇ ಇಟ್ಟುಕೊಂಡೆ. ಇವತ್ತಿಗೂ ಆಕೆ ನನ್ನ ಕೈಗುಣವನ್ನು ಹೊಗಳುತ್ತಾಳೆ.

ಆಮೇಲೆ ವ್ಯಾಪಾರಿ ವಿಷಯಕ್ಕೆ ಬಂದರು. ಮಗಳು ಕಿರ್ಗಿಸ್ತಾನದಲ್ಲಿ ಡಾಕ್ಟರಿಕೆ ಓದಿ ಬಂದಿದ್ದಾಳೆ. ಹೊರದೇಶದಲ್ಲಿ ಓದಿದವರು ಇಲ್ಲಿ ರೋಗಿಯ ನಾಡಿ ಹಿಡಿಯಬೇಕಾದರೆ ಮೊದಲು ಒಂದು ಪರವಾನಗಿ ಪರೀಕ್ಷೆ ಪಾಸು ಮಾಡಬೇಕು, ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್ ಆಗಿ ದುಡಿಯಬೇಕು. ಪರೀಕ್ಷೆ ಕಂಪ್ಯೂಟರಿನ ಮೇಲೆ, ಒಂದೇ ದಿನ ಎರಡು ಭಾಗ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದನ್ನು ಆರಿಸಬೇಕು. ತಪ್ಪಾದರೆ ಅಂಕ ಕಡಿಯುವುದಿಲ್ಲ. ಅರ್ಧ ಅಂಕ ಬಂದರೆ ಪಾಸು. ಕೇಳುವುದಕ್ಕೆ ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ.

"ಎರಡ್ ಸಲ ಆತ್ರಿ ಡಾಕ್ಟ್ರ, ಆಗವಲ್ದು," ಎಂದರು ವ್ಯಾಪಾರಿ. "ಈ ಸಲನೂ ಆಗ್ಲಿಲ್ಲ ಅಂದ್ರ ಹಾವೇರ್ಯಾಗ ಒಬ್ರು ನರ್ಸಿಂಗ್ ಹೋಮ್‌ನ್ಯಾರು ಕರ್ಯಾಕತ್ತಾರ. ರಾತ್ರಿ ಡ್ಯೂಟಿ. ಸಹಿ ಅವ್ರದು, ಕೆಲಸ ಇಕೀದು. ಅಲ್ಲಿಗೆ ಕಳಸಿಬಿಡ್ತೀನ್ರಿ."

ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಬೇರೆಯವರ ಸಹಿಯ ಕೆಳಗೆ ಪರವಾನಗಿ ಇಲ್ಲದೆ ಕೂತವರನ್ನು ನಾನು ನೋಡಿದ್ದೇನೆ. ಅವರು ಮತ್ತೆ ಪುಸ್ತಕ ಹಿಡಿದದ್ದನ್ನು ಕಂಡಿಲ್ಲ. ಅವರನ್ನು ಪೊಲೀಸರು ಹಿಡಿದದ್ದನ್ನು ಕಂಡಿದ್ದೇನೆ. ಆ ಕುರ್ಚಿಯಲ್ಲಿ ಕೂತರೆ ಇವಳು ಡಾಕ್ಟರಾಗುವುದು ಅಲ್ಲಿಗೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಇಕೀನ್ನ ನನಗ ಬಿಡ್ರಿ," ಎಂದೆ. "ಕತ್ತೆಗೆ ಓದ್ಸಿದ್ರ ಅದೂ ಪಾಸ್ ಆಗಬೇಕು, ಅಂಥಾವ ನಾನು."

ಹುಡುಗಿ ಮೊದಲ ಸಲ ತಲೆ ಎತ್ತಿದಳು. "ಅಜ್ಜಾರ, ನೀವು ಯಾವಾಗರೆ ಈ ಪರೀಕ್ಷೆ ಬರದೀರೇನ್ರಿ?"

"ನಾ ಬರದಿದ್ರ ಪ್ರಶ್ನೆ ತಗ್ಯಾವ್ರು ನೌಕರಿ ಬಿಟ್ಟು ಹೋಗ್ತಿದ್ರು, ತಂಗಿ."

ಮರುದಿನದಿಂದ ಅವಳು ಬ್ಯಾಡಗಿಯಿಂದ ಬೆಳಗಿನ ಬಸ್ಸಿಗೆ ಬರತೊಡಗಿದಳು. ಕ್ಲಿನಿಕ್ಕಿನ ಹಿಂದೆಯೇ ನಮ್ಮ ಮನೆ. ಅಲ್ಲಿ ಔಷಧದ ಖಾಲಿ ಪೆಟ್ಟಿಗೆ ಇಡುವ ಕೋಣೆಯನ್ನು ತೆರವು ಮಾಡಿ ಒಂದು ಮೇಜು ಹಾಕಿದೆ. ರೋಗಿಗಳು ಮುಗಿದ ಮೇಲೆ ನಾನು ಅಲ್ಲಿಗೆ ಹೋಗಿ ಎದುರಿಗೆ ಕೂರುತ್ತಿದ್ದೆ.

ಮೊದಲು ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಅಣಕು ಪರೀಕ್ಷೆ ಇಟ್ಟುಕೊಂಡೆವು. ಅವಳೊಬ್ಬಳೇ ಬರೆದರೆ ನನ್ನ ಮರ್ಯಾದೆಗೆ ಕುಂದು ಎಂದು ಅದೇ ಪ್ರಶ್ನೆಗಳನ್ನು ನಾನೂ ಬರೆದೆ. ಉತ್ತರ ತಾಳೆ ನೋಡುವ ಕೆಲಸ ನನ್ನ ಹೆಂಡತಿಯದು. ಆಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ದಯೆ ದಾಕ್ಷಿಣ್ಯ ಗೊತ್ತಿಲ್ಲ. ಕ್ಷಯದ ಗುಳಿಗೆ ದಿನ ಬಿಟ್ಟು ದಿನ ಎಂದು ನಾನು ಬರೆದಿದ್ದೆ. ಈಗ ದಿನಾಲೂ ಕೊಡುತ್ತಾರೆ. ನಿಂತ ಎದೆಯನ್ನು ಹದಿನೈದು ಸಲ ಒತ್ತಿ ಎರಡು ಸಲ ಉಸಿರು ಊದಬೇಕು ಎಂದಿದ್ದೆ. ಈಗ ಮೂವತ್ತು ಸಲ ಒತ್ತಬೇಕಂತೆ. ಲಸಿಕೆಯ ಪಟ್ಟಿಯಂತೂ ನಾನು ಆಸ್ಪತ್ರೆಯ ನೌಕರಿ ಬಿಟ್ಟ ಮೇಲೆ ಪೂರಾ ಬದಲಾಗಿಹೋಗಿದೆ.

"ಇಬ್ರೂ ಫೇಲ್," ಎಂದಳು ಹೆಂಡತಿ. "ಹುಡುಗಿ ಸ್ವಲ್ಪದಾಗ ಹೋಗೇತಿ. ನೀವು ಪೂರಾ ಹೋಗೀರಿ. ಇಷ್ಟ್ ವರ್ಷ ಮಂದಿ ನಿಮ್ಮ ಕೈಯಾಗ ಹೆಂಗ ಬದುಕಿದ್ರೋ ಏನೋ."

"ಪ್ರಶ್ನೆಪತ್ರಿಕೆನ ತಪ್ಪೈತಿ," ಎಂದೆ.

ಹುಡುಗಿ ನಕ್ಕಳು. ನಮ್ಮ ಮನೆಗೆ ಬಂದಮೇಲೆ ಅವಳು ನಕ್ಕದ್ದು ಅದೇ ಮೊದಲು. ಹಾಗಾಗಿ ಫೇಲಾದದ್ದೂ ನನ್ನ ಬೋಧನಾಕ್ರಮದ ಒಂದು ಭಾಗ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ವಿಷಯ ಕಲಿಸಲು ಹೋದರೆ ಕೆಡಿಸುತ್ತೇನೆ ಎಂದು ಗೊತ್ತಾಯಿತು. ವಿಷಯವನ್ನು ಅವಳು ತನ್ನ ಪುಸ್ತಕದಿಂದ, ವಿಡಿಯೋ ಪಾಠದಿಂದ ಕಲಿಯಲಿ, ಅವಳು ತಪ್ಪುವುದು ಎಲ್ಲಿ ಎಂದಷ್ಟೇ ನಾನು ನೋಡುತ್ತೇನೆ ಎಂದು ತೀರ್ಮಾನಿಸಿದೆ. ರೋಗಿಯ ವಿಷಯದಲ್ಲೂ ನಾನು ಮಾಡುತ್ತ ಬಂದದ್ದು ಅದನ್ನೇ.

ವಿಚಿತ್ರವೇನೆಂದರೆ ಅವಳಿಗೆ ಎಲ್ಲ ಬರುತ್ತಿತ್ತು. ಬಾಯಿಂದ ಕೇಳಿದರೆ ಪಟಪಟ ಹೇಳುತ್ತಿದ್ದಳು, ಕಂಪ್ಯೂಟರಿನ ಮುಂದೆ ಕೂತರೆ ಅಂಕ ಬರುತ್ತಿರಲಿಲ್ಲ. ಆ ಅಣಕು ಪರೀಕ್ಷೆಯಲ್ಲಿ ಒಂದು ಅನುಕೂಲ ಇತ್ತು. ಯಾವ ಉತ್ತರ ಮೊದಲು ಒತ್ತಿದ್ದು, ಆಮೇಲೆ ಯಾವುದಕ್ಕೆ ಬದಲಿಸಿದ್ದು ಎಂದು ಅದು ತೋರಿಸುತ್ತಿತ್ತು. ನೋಡಿದರೆ ಅವಳು ಸರಿ ಉತ್ತರ ಒತ್ತಿ, ಹೋಗಿ, ಮತ್ತೆ ವಾಪಸ್ಸು ಬಂದು ಅದನ್ನು ಅಳಿಸಿ ತಪ್ಪು ಉತ್ತರ ಒತ್ತಿದ್ದು ಸಾಲುಸಾಲು ಇತ್ತು. ಮೊದಲು ಒತ್ತಿದ್ದನ್ನೇ ಬಿಟ್ಟಿದ್ದರೆ ಆರಾಮಾಗಿ ಪಾಸು.

"ಯಾಕ ಬದಲಾಸ್ತೀದಿ?"

"ಗೊತ್ತಿಲ್ರಿ ಅಜ್ಜಾರ. ತಪ್ಪ ಅನಸ್ತೈತಿ."

"ಯಾಕ ತಪ್ಪ ಅನಸ್ತೈತಿ?"

"ಅದು ಗೊತ್ತಿದ್ರ ಬದಲಾಸ್ತಿದ್ದಿಲ್ಲಲ್ರಿ."

ಕಾರಣ ಸಿಕ್ಕಿದ್ದು ಒಂದು ಚಹಾದಿಂದ. ಹಿಂದಿನ ದಿನ ನಾನು ಹೆಂಡತಿಯ ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೆ. ಅದರ ಬಡ್ಡಿಯಾಗಿ ಆಕೆ ನನ್ನ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ ಕಳಿಸಿದ್ದಳು. ಇದು ಗೊತ್ತಿಲ್ಲದೆ ನಾನು ಪ್ರಶ್ನೆ ಓದುತ್ತಿದ್ದೆ. ಹೊಲದಲ್ಲಿ ಔಷಧ ಹೊಡೆಯುತ್ತಿದ್ದ ರೈತನನ್ನು ಕರೆತಂದಿದ್ದಾರೆ, ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ, ನಾಡಿ ನಿಧಾನ, ಮೊದಲು ಕೊಡುವ ಔಷಧ ಯಾವುದು?

"ಅಟ್ರೋಪಿನ್," ಎಂದಳು.

ಸರಿಯಾದ ಉತ್ತರ. ಮೇಡ್ಲೇರಿ ಕಡೆಯಿಂದ ಬಂದ ಇಂಥ ಎಷ್ಟೋ ಮಂದಿಗೆ ನಾನೇ ಅದನ್ನು ಚುಚ್ಚಿದ್ದೇನೆ. ಅದೇ ಹೊತ್ತಿಗೆ ಚಹಾ ಬಾಯಿಗೆ ಹೋಯಿತು. ನನ್ನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು.

"ಅಲ್ಲಲ್ಲ, ಪ್ರಾಲಿಡಾಕ್ಸಿಮ್," ಎಂದಳು ಅವಳು ಗಡಬಡಿಸಿ.

ನಾನು ಕಪ್ಪು ಕೆಳಗಿಟ್ಟೆ. ಇನ್ನೊಂದು ಪ್ರಶ್ನೆ ಕೇಳಿದೆ. ಸರಿ ಉತ್ತರ ಹೇಳಿದಳು. ಬೇಕೆಂದೇ ಹುಬ್ಬು ಗಂಟು ಹಾಕಿದೆ. ಬದಲಿಸಿದಳು. ಬದಲಿಸಿದ ತಪ್ಪು ಉತ್ತರಕ್ಕೆ ತಲೆದೂಗಿದೆ. ನೆಮ್ಮದಿಯಿಂದ ಉಸಿರುಬಿಟ್ಟಳು. ಹೀಗೆಯೇ ಸಂಜೆಯ ತನಕ ಅವಳನ್ನು ಸರಿಯಿಂದ ತಪ್ಪಿಗೆ, ತಪ್ಪಿನಿಂದ ಇನ್ನೊಂದು ತಪ್ಪಿಗೆ ಓಡಾಡಿಸಿದೆ. ಮಂದಿಯನ್ನು ಮೂರ್ಖರನ್ನಾಗಿ ಮಾಡುವುದರಲ್ಲಿ ನನಗೆ ಇಷ್ಟು ಸಲೀಸಾದ ದಿನ ಮತ್ತೊಂದಿಲ್ಲ. ಕಡೆಗೆ ನಡೆದದ್ದನ್ನು ಅವಳಿಗೆ ಹೇಳಿದೆ.

ಅವಳ ಮುಖ ಕೆಂಪಾಯಿತು. "ಮೋಸ ಮಾಡಿದ್ರಿ ಅಜ್ಜಾರ."

"ಮಾಡೀನಿ. ಇನ್ನೂ ಮಾಡಾಂವ ಅದೀನಿ. ಮೊದ್ಲ ಇದು ಎಲ್ಲಿಂದ ಕಲ್ತಿ ಅಂತ ಹೇಳು."

ಆಗ ಅವಳು ತನ್ನ ಕಾಲೇಜಿನ ಪರೀಕ್ಷೆಯ ಕ್ರಮವನ್ನು ಹೇಳಿದಳು. ಅಲ್ಲಿ ಹೆಚ್ಚಿನ ಪರೀಕ್ಷೆ ಬಾಯಿಂದ. ಮೇಜಿನ ಮೇಲೆ ಚೀಟಿಗಳನ್ನು ಬೋರಲು ಇಟ್ಟಿರುತ್ತಾರೆ, ಒಂದನ್ನು ಎತ್ತಬೇಕು, ಅದರಲ್ಲಿದ್ದ ಪ್ರಶ್ನೆಗೆ ಪ್ರೊಫೆಸರರ ಎದುರು ಕೂತು ಉತ್ತರ ಹೇಳಬೇಕು. ಪ್ರೊಫೆಸರು ತಲೆದೂಗಿದರೆ ಅದೇ ದಾರಿಯಲ್ಲಿ ಮುಂದುವರಿಯುವುದು. ಸುಮ್ಮನೆ ಕಿಟಕಿಯ ಕಡೆ ನೋಡಿದರೆ ತಪ್ಪಿದೆ ಎಂದು ತಿಳಿದು ಮಾತು ಹೊರಳಿಸುವುದು. ಭಾಷೆ ಅರ್ಧಮರ್ಧ ತಿಳಿಯುವ ಊರಿನಲ್ಲಿ ಮುಖವೇ ಆಸರೆ. ಓದಿದಷ್ಟು ವರ್ಷವೂ ಹೀಗೆಯೇ ಪಾಸಾಗಿದ್ದಳು, ಒಳ್ಳೆಯ ಅಂಕದಲ್ಲೇ.

"ಇಲ್ಲಿ ಪರದೆ ಸುಮ್ನ ಇರ್ತೈತ್ರಿ," ಎಂದಳು. "ಒತ್ತಿದ್ರೂ ಸುಮ್ನ, ಬಿಟ್ರೂ ಸುಮ್ನ. ಸುಮ್ನ ಐತಿ ಅಂದ್ರ ತಪ್ಪ ಅಂತನ ನನಗ ಅನಸ್ತೈತಿ. ಬದಲಾಸೂ ತನಕ ಎದಿ ಹೊಡ್ಕೋತೈತಿ."

ಪರೀಕ್ಷೆಗೆ ಎರಡು ತಿಂಗಳೂ ಪೂರ್ತಿ ಉಳಿದಿರಲಿಲ್ಲ. ಇನ್ನೂ ಓದಬೇಕಾದ ವಿಷಯಗಳ ರಾಶಿ ಇತ್ತು. ಆದರೂ ಹೊಸದನ್ನು ಓದುವುದು ಬೇಡ, ಕಲಿತದ್ದನ್ನು ಕೈ ಬಿಡದೆ ಹಿಡಿಯುವುದನ್ನಷ್ಟೇ ರೂಢಿ ಮಾಡೋಣ ಎಂದು ನಿರ್ಧಾರ ಮಾಡಿದೆ. ಇದರಲ್ಲಿ ಅಪಾಯವಿತ್ತು. ತಪ್ಪಿದರೆ ಓದುವ ಹುಡುಗಿಯ ಪುಸ್ತಕ ಕಸಿದ ಮುದುಕ ಎಂದು ಬ್ಯಾಡಗಿಯ ತುಂಬ ಹೆಸರಾಗುತ್ತಿತ್ತು.

ಕ್ರಮ ಹೀಗಿತ್ತು. ಬೆಳಿಗ್ಗೆ ಅವಳೊಬ್ಬಳೇ ಕಂಪ್ಯೂಟರಿನ ಮೇಲೆ ಪ್ರಶ್ನೆ ಬಿಡಿಸುವುದು. ರೋಗಿಗಳು ಮುಗಿದ ಮೇಲೆ ಅವೇ ಪ್ರಶ್ನೆಗಳನ್ನು ನನ್ನೆದುರು ಹೇಳುವುದು. ನಾನು ನನ್ನ ವಿದ್ಯೆಯನ್ನೆಲ್ಲ ಹೊರತೆಗೆಯುವುದು. ಸರಿ ಉತ್ತರಕ್ಕೆ ಹಣೆ ಚಚ್ಚಿಕೊಂಡೆ. ತಪ್ಪಿಗೆ ಬೆನ್ನು ಚಪ್ಪರಿಸಿದೆ. ಒಮ್ಮೆ ಸರಿ ಉತ್ತರ ಕೇಳಿ ಕುರ್ಚಿ ಬಿಟ್ಟೆದ್ದು ಹೊರಗೇ ಹೋದೆ. ಹೆಂಡತಿಯೂ ಬಾಗಿಲಲ್ಲಿ ನಿಂತು "ಅಯ್ಯ, ಇಷ್ಟೂ ಗೊತ್ತಿಲ್ಲೇನ ಇಕೀಗೆ" ಎಂದು ದನಿಗೂಡಿಸುತ್ತಿದ್ದಳು. ಔಷಧದ ಕಂಪನಿಯ ಪ್ರತಿನಿಧಿಯೊಬ್ಬರು ಇದನ್ನು ನೋಡಿ, ಮನೆಯಲ್ಲಿ ಏನೋ ಜಗಳ ನಡೆದಿದೆ ಎಂದು ಚೀಲ ತೆಗೆದುಕೊಂಡು ವಾಪಸ್ಸು ಹೋದರು.

ಒಂದು ವಾರಕ್ಕೆ ಅವಳು ನನ್ನ ಮುಖಕ್ಕೆ ಹೆದರುವುದನ್ನು ಬಿಟ್ಟಳು. ಗೆದ್ದೆ ಎಂದು ಬೀಗಿ ಮತ್ತೆ ಅಣಕು ಪರೀಕ್ಷೆ ಇಟ್ಟೆ. ಅಂಕ ಮೊದಲಿಗಿಂತ ಕಡಿಮೆ ಬಂತು.

ಈಗ ರೋಗ ಉಲ್ಟಾ ಹೊಡೆದಿತ್ತು. ಏನು ಒತ್ತಿದಳೋ ಅದನ್ನು ಬ್ರಹ್ಮ ಬಂದರೂ ಬದಲಿಸುವುದಿಲ್ಲ. ರಕ್ತದೊತ್ತಡ ಏರಿದ ಒಬ್ಬ ಹೆಣ್ಣುಮಗಳಿಗೆ ಯಾವ ಗುಳಿಗೆ ಕೊಡಬೇಕು ಎಂಬ ಪ್ರಶ್ನೆಗೆ ಎನಲಾಪ್ರಿಲ್ ಒತ್ತಿದ್ದಳು. ಆಕೆ ಗರ್ಭಿಣಿ ಎಂದು ಪ್ರಶ್ನೆಯಲ್ಲೇ ಬರೆದಿತ್ತು. ಹೊಟ್ಟೆಯಲ್ಲಿರುವ ಕೂಸಿಗೆ ಆ ಗುಳಿಗೆ ಕೆಟ್ಟದ್ದು.

"ತಪ್ಪು," ಎಂದೆ.

"ಹೌದ್ರಿ, ನೀವು ಹಂಗ ಅಂತೀರಿ," ಎಂದಳು ಅವಳು ಆರಾಮಾಗಿ.

"ಏ, ಖರೇನ ತಪ್ಪೈತಿ."

"ನಿನ್ನೆನೂ ಖರೇನ ಅಂದಿದ್ರಿ."

ಜೀವನದಲ್ಲಿ ಮೊದಲ ಸಲ ಖರೇ ಮಾತು ಹೇಳಿ ನಂಬಿಸಲು ಆಗದೆ ಕೂತೆ. ಹೆಂಡತಿ ಒಳಗಿನಿಂದ ನಗುತ್ತಿದ್ದಳು.

ಆ ಸಂಜೆ ಕೂತು ಒಂದು ನಿಯಮ ಮಾಡಿದೆವು. ಉತ್ತರ ಒತ್ತುವ ಮೊದಲು ಪ್ರಶ್ನೆಯ ಯಾವ ಶಬ್ದ ನಿನಗೆ ಈ ಉತ್ತರ ಕೊಟ್ಟಿತು ಎಂದು ಅದರ ಮೇಲೆ ಬೆರಳಿಡಬೇಕು. ಆಮೇಲೆ ವಾಪಸ್ಸು ಬಂದರೆ, ಮೊದಲು ಕಣ್ಣಿಗೆ ಬೀಳದ ಹೊಸ ಶಬ್ದ ಸಿಕ್ಕರೆ ಮಾತ್ರ ಬದಲಿಸಬಹುದು. ಎದೆ ಹೊಡೆದುಕೊಂಡಿತು, ಅಜ್ಜ ಹುಬ್ಬು ಗಂಟಿಕ್ಕಿದ, ಪರದೆ ಸುಮ್ಮನಿದೆ, ಇವು ಯಾವುವೂ ಕಾರಣ ಅಲ್ಲ. ಗರ್ಭಿಣಿ ಎಂಬ ಶಬ್ದ ಕಾರಣ. ಇದರಿಂದ ಅವಳ ಓದಿನ ವೇಗ ಮೊದಲು ಕಡಿಮೆಯಾಯಿತು, ಹೊತ್ತು ಮುಗಿದರೂ ಪ್ರಶ್ನೆಗಳು ಉಳಿಯತೊಡಗಿದವು. ದಿನಾ ರೂಢಿ ಮಾಡಿದ ಮೇಲೆ ಬೆರಳು ತಾನಾಗಿ ಶಬ್ದದ ಮೇಲೆ ಹೋಗಿ ನಿಲ್ಲತೊಡಗಿತು.

ಅಷ್ಟರಲ್ಲಿ ವ್ಯಾಪಾರಿ ಸಿಟ್ಟಾಗಿ ಬಂದರು. ಪಾಠ ಬಿಟ್ಟು ಮುಖ ಕಿವುಚುವ ಆಟ ನಡೆದಿದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

"ಏನ್ರಿ ಡಾಕ್ಟ್ರ, ಪುಸ್ತಕ ಮುಚ್ಚಿಸೀರಂತ?"

"ಕುಂದ್ರಿ. ಇವತ್ತು ನೀವ ಪರೀಕ್ಷಕರು," ಎಂದು ನನ್ನ ಕುರ್ಚಿ ಬಿಟ್ಟುಕೊಟ್ಟೆ. "ಏನೂ ಮಾಡಬ್ಯಾಡ್ರಿ. ಸುಮ್ನ ಆಕೀನ್ನ ನೋಡ್ರಿ."

ಅವರು ಕೂತರು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮಾಲು ನೋಡುವ ಮುಖವೆಂದರೆ ಗೋಡೆ ಇದ್ದಂತೆ. ಕಾಯಿಯನ್ನು ಮುರಿದು, ಮೂಸಿ, ಬಣ್ಣ ನೋಡಿ, ಇಷ್ಟವಾದರೂ ಕಷ್ಟವಾದರೂ ಗೊತ್ತಾಗಬಾರದು. ನನ್ನ ಎಲ್ಲ ವೇಷಗಳಿಗೆ ಜಗ್ಗದೆ ನಿಂತ ಹುಡುಗಿ ಆ ಮುಖದ ಮುಂದೆ ಮೊದಲನೇ ಪ್ರಶ್ನೆಗೇ ಕುಸಿದಳು. ಉತ್ತರ ಹೇಳಿದಳು, ಬದಲಿಸಿದಳು, ಮತ್ತೆ ಬದಲಿಸಿದಳು, ಬೆರಳು ಯಾವ ಶಬ್ದದ ಮೇಲೂ ನಿಲ್ಲಲಿಲ್ಲ.

"ಯಾಕ, ಏನಾತು?" ಎಂದರು ತಂದೆ. ಅವರಿಗೆ ಖರೇನೇ ತಿಳಿದಿರಲಿಲ್ಲ.

ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡು ಹೇಳಿದಳು. "ಮನ್ಯಾಗ ನೀವು ಸುಮ್ನ ಕುಂತ್ರಿ ಅಂದ್ರ ನಾವೆಲ್ಲಾ ಮಾತು ಬದಲಾಸ್ತೀವಿ ಅಪ್ಪಾಜಿ. ಅವ್ವನೂ ಹಂಗ, ನಾನೂ ಹಂಗ. ನಿಮಗ ಗೊತ್ತಿಲ್ಲ."

ನಾನು ಕಿರ್ಗಿಸ್ತಾನದ ಪ್ರೊಫೆಸರರನ್ನು ಬೈಯುತ್ತ ಬಂದಿದ್ದೆ. ನಮ್ಮ ಕಡೆ ಹಿರಿಯರು ಸುಮ್ಮನಾದರೆ ಅದು ಬೇಡ ಎಂದೇ ಅರ್ಥ. ಮದುವೆಯ ಮಾತುಕತೆಯಲ್ಲಿ ಅಜ್ಜ ಹೊರಗೆ ನೋಡುತ್ತ ಕೂತರೆ ಬಂದವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಹುಡುಗಿ ವಿಮಾನ ಹತ್ತುವ ಮೊದಲೇ ಈ ಪಾಠ ಕಲಿತಿದ್ದಳು.

ವ್ಯಾಪಾರಿ ತಮ್ಮ ಕೈ ನೋಡಿಕೊಂಡರು. ಮೆಣಸಿನಕಾಯಿಯ ಕೆಂಪು ಉಗುರಿನ ಸಂದಿಯಲ್ಲಿ ಉಳಿದಿತ್ತು. "ಇದು ಮಾಲಿಗೆ ಇಟ್ಟ ಮಾರಿ," ಎಂದರು ತಮ್ಮ ಮುಖ ತೋರಿಸಿ. "ನಿನಗ ಅಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಾ ವಾರಕ್ಕೊಮ್ಮೆ ಬಂದು ಕುಂದ್ರಲೇನ್ರಿ? ಬ್ಯಾರೆ ಏನೂ ಬರೂದಿಲ್ಲ ನನಗ, ಇದೊಂದು ಬರ್ತೈತಿ."

ಮಾರ್ಕೆಟ್ಟಿಗೆ ರಜೆ ಇದ್ದ ದಿನ ಬಂದು ಕೂರುತ್ತಿದ್ದರು. ನಾನೇ ಜಿಲ್ಲೆಯ ದೊಡ್ಡ ಠಕ್ಕ ಎಂದುಕೊಂಡಿದ್ದೆ. ಆದರೆ ಈ ಒಂದು ವಿಷಯದಲ್ಲಿ ಆ ಮನುಷ್ಯ ನನ್ನನ್ನು ಮೀರಿಸಿದ್ದರು, ಒಪ್ಪಿಕೊಳ್ಳಬೇಕು. ಒಪ್ಪಿಕೊಂಡದ್ದನ್ನು ಅವರಿಗೆ ಹೇಳಿಲ್ಲ.

ಪರೀಕ್ಷೆಗೆ ನಾಲ್ಕೈದು ದಿನ ಇರುವಾಗ ತಂದೆ ಮಗಳು ಇಬ್ಬರೂ ನನ್ನಲ್ಲಿದ್ದರು. ಹಾವೇರಿಯ ನರ್ಸಿಂಗ್ ಹೋಮಿನವರ ಫೋನು ಬಂತು. ಬೇರೆ ಒಬ್ಬರು ಬರಲು ಒಪ್ಪಿದ್ದಾರೆ, ನಿಮ್ಮ ಮಗಳು ಬರುವುದಾದರೆ ಇವತ್ತೇ ಹೇಳಬೇಕು, ಆಮೇಲೆ ಜಾಗ ಇರುವುದಿಲ್ಲ ಎಂದರು. ವ್ಯಾಪಾರಿ ಫೋನಿನ ಬಾಯಿಗೆ ಅಂಗೈ ಮುಚ್ಚಿ ಮಗಳನ್ನು ನೋಡಿದರು.

"ಬ್ಯಾಡ ಅಂತ ಹೇಳ್ರಿ ಅಪ್ಪಾಜಿ," ಎಂದಳು.

ಅವರು ಉತ್ತರ ಕೊಡಲಿಲ್ಲ. ಇದು ಆಟದ ಮುಖ ಆಗಿರಲಿಲ್ಲ. ಮಗಳು ಮತ್ತೆ ಫೇಲಾದರೆ ಇದ್ದದ್ದೂ ಹೋಯಿತಲ್ಲ ಎಂಬ ಹೆದರಿಕೆಯಲ್ಲಿ ಕೂತಿದ್ದರು. ಅಡುಗೆಮನೆಯಲ್ಲಿ ಹೆಂಡತಿಯೂ ಪಾತ್ರೆ ಇಟ್ಟು ನಿಂತಂತಿತ್ತು. ಹುಡುಗಿ ತಂದೆಯ ಮುಖವನ್ನೇ ನೋಡಿದಳು, ಕಣ್ಣು ತಪ್ಪಿಸಲಿಲ್ಲ. ಬೇರೆ ಮಾತು ಸೇರಿಸಲಿಲ್ಲ, ಸಮಜಾಯಿಷಿ ಕೊಡಲಿಲ್ಲ.

ತಂದೆ ಅಂಗೈ ತೆಗೆದರು. "ಬ್ಯಾರೇದವ್ರನ್ನ ತಗೋರಿ ಸಾಹೇಬ್ರ. ನಮ್ಮಾಕಿ ಬರೂದಿಲ್ಲ," ಎಂದು ಫೋನು ಇಟ್ಟರು.

ಪರೀಕ್ಷೆ ಹುಬ್ಬಳ್ಳಿಯಲ್ಲಿ. ವ್ಯಾಪಾರಿ, ನಾನು, ಇಬ್ಬರೂ ಮುದುಕರು ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತೆವು. ಕಾವಲಿನವನಿಗೆ ನಾನೂ ಪರೀಕ್ಷೆಗೆ ಬಂದವನು, ಬಹಳ ಸಲ ಫೇಲಾಗಿ ಹೀಗೆ ಕೂದಲು ನೆರೆತಿದೆ ಎಂದು ಹೇಳಿದೆ. ಪಾಪ, ಅವನು ನೀರು ತಂದುಕೊಟ್ಟ. ಮೊದಲ ಭಾಗ ಮುಗಿಸಿ ಬಂದಾಗ ಅವಳು ಎರಡು ಚಪಾತಿ ತಿಂದು ಮತ್ತೆ ಒಳಗೆ ಹೋದಳು. ಎರಡನೇ ಭಾಗ ಮುಗಿದ ಮೇಲೆ ಕೇಳಿದೆ.

"ಹೆಂಗಾತು?"

"ಭಾಳ ಬರಲಿಲ್ರಿ. ಗೊತ್ತಿಲ್ಲದ್ದು ಗೊತ್ತಿಲ್ಲ."

"ಬದಲಾಸಿದೇನು?"

"ಕೆಲವು ಬದಲಾಸೀನಿ. ಎಲ್ಲಾದಕ್ಕೂ ಶಬ್ದ ಸಿಕ್ಕಿತ್ತು."

ಫಲಿತಾಂಶ ಬರುವ ತನಕ ನಾನು ಕ್ಲಿನಿಕ್ಕಿನಲ್ಲಿ ಯಾರಿಗೂ ಚೇಷ್ಟೆ ಮಾಡಲಿಲ್ಲ. ರೋಗಿಗಳು ನನಗೇ ಏನೋ ಆಗಿದೆ ಎಂದು ಮಾತಾಡಿಕೊಂಡರು. ಒಂದು ಸಂಜೆ ಅವಳ ತಂದೆ ಫೋನು ಮಾಡಿ "ಆತ್ರಿ" ಎಂದರು. ಅಂಕ ಅರ್ಧಕ್ಕಿಂತ ಸ್ವಲ್ಪವೇ ಮೇಲೆ. ಎಷ್ಟು ಸ್ವಲ್ಪ ಎಂದು ನಾನು ಹೇಳುವುದಿಲ್ಲ, ನನ್ನ ಶಿಷ್ಯೆಯ ಮಾನದ ಪ್ರಶ್ನೆ. ಊರಲ್ಲಿ ಮಾತ್ರ ಇಡೀ ದೇಶಕ್ಕೆ ಮೊದಲು ಬಂದಳು ಎಂದು ಹಬ್ಬಿಸಿದೆ. ಅರ್ಧ ಊರು ನಂಬಿತು.

ಈಗ ಅವಳು ಹಾವೇರಿಯ ಒಂದು ಆಸ್ಪತ್ರೆಯಲ್ಲಿ ಇಂಟರ್ನ್. ಹೋದ ವಾರ ಮಧ್ಯಾಹ್ನ ಫೋನು ಮಾಡಿದಳು.

"ಅಜ್ಜಾರ, ಅಗಡಿಯಿಂದ ಒಬ್ಬ ಹೆಣ್ಮಗಳನ್ನ ತಂದಿದ್ರು. ಹೊಲದಾಗ ಹಾವು ಕಡದಿತ್ತು. ಕಾಲು ಬಾತಿತ್ತು, ಒಸಡಿನ್ಯಾಗ ರಕ್ತ. ಗಾಜಿನ ನಳಿಗ್ಯಾಗ ರಕ್ತ ಹಾಕಿ ಇಪ್ಪತ್ತ್ ನಿಮಿಷ ಅಲುಗಾಡಸದ ಇಟ್ವಿ, ಗಟ್ಟಿ ಆಗಲಿಲ್ಲ. ಡ್ಯೂಟಿ ಡಾಕ್ಟ್ರು ನನ್ನ ಕೇಳಿದ್ರು, ಮುಂದೇನು ಅಂತ. ವಿಷಕ್ಕ ಔಷಧ ಈಗ ಚಾಲೂ ಮಾಡಬೇಕು ಅಂದೆ."

"ಅವ್ರೇನಂದ್ರು?"

"ಏನೂ ಅನಲಿಲ್ರಿ. ನನ್ನ ಮಾರೀನ ನೋಡ್ಕೋತ ನಿಂತ್ರು. ನಾ ನಳಿಗಿ ತೋರ್ಸಿದೆ. ಆಮೇಲೆ ಚಾಲೂ ಮಾಡು ಅಂದ್ರು. ಈಗ ಆಕಿ ಆರಾಮ ಅದಾಳ."

"ಮತ್ತ ನನಗ್ಯಾಕ ಫೋನ್ ಮಾಡೀದಿ? ಸರಿ ಮಾಡೀನೋ ಇಲ್ಲೋ ಕೇಳಾಕೇನು?"

"ಅಲ್ರಿ. ಹೇಳಾಕ ಮಾಡೀನಿ."

ನಾನು ಉತ್ತರ ಕೊಡಲಿಲ್ಲ. ಬೇಕೆಂದೇ ಸುಮ್ಮನೆ ಕೂತೆ, ಅತ್ತ ಕಡೆ ಅವಳ ಉಸಿರು ಕೇಳುತ್ತ. ನನ್ನಂಥವನು ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ದೊಡ್ಡ ಸಂಗತಿ.

"ಇಡ್ತೀನ್ರಿ ಅಜ್ಜಾರ," ಎಂದಳು ಅವಳು. "ಪೇಷಂಟ್ ಕಾಯಾಕತ್ತಾರ."